ಮುಂಬಯಿ ಗವರ್ನರ್ ಮಾಲ್ಕಮ್ ಮತ್ತು ಜಡ್ಜ್ ಗ್ರಾಂಟ್ ಜಗಳ (1828–29): ಗ್ರಾಂಟ್ ಕೋರ್ಟು ನಿಲ್ಲಿಸಿದ್ದು ಸರಿಯೇ?

ಹಳೆದಫ್ತರ

1829ರ ಏಪ್ರಿಲ್ 1ರಂದು ಮುಂಬಯಿಯ ಸುಪ್ರೀಂ ಕೋರ್ಟ್ ತನ್ನ ಎಲ್ಲ ಕಲಾಪ ನಿಲ್ಲಿಸಿತು. ನಿಲ್ಲಿಸಿದವನು ಆಗ ಪೀಠದಲ್ಲಿ ಒಬ್ಬನೇ ಉಳಿದಿದ್ದ ನ್ಯಾಯಾಧೀಶ ಸರ್ ಜಾನ್ ಪೀಟರ್ ಗ್ರಾಂಟ್. ಕೋರ್ಟಿನ ಆದೇಶ ಜಾರಿಯಾಗದಂತೆ ಗವರ್ನರ್ ಸರ್ ಜಾನ್ ಮಾಲ್ಕಮ್ ಅಡ್ಡ ನಿಂತಿದ್ದಾನೆ, ಹೀಗಿರುವಾಗ ಇಲ್ಲಿ ಕೂತು ಮಾಡುವುದೇನು ಎಂದು ಅವನು ಎದ್ದುಬಿಟ್ಟ. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಪ್ರಸಂಗ ಬರುವುದಿಲ್ಲ. ಆದರೆ ಆಗ ಧಾರವಾಡ ಸೀಮೆ ಮುಂಬಯಿ ಸರ್ಕಾರದ ಕೈಕೆಳಗೇ ಇತ್ತು. ಅಲ್ಲಿ ತೀರ್ಮಾನವಾದದ್ದು ನಮ್ಮ ಹಿರಿಯರ ಮೈಮೇಲೂ ಬಿತ್ತು. ಅದಕ್ಕೇ ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ.

ನಡೆದದ್ದು ಹೀಗೆ. ಪುಣೆಯಲ್ಲಿ ಮೋರೋ ರಘುನಾಥ ಎಂಬ ಹದಿನಾಲ್ಕು ವರ್ಷದ ಹುಡುಗ ಇದ್ದ. ಪಾಂಡುರಂಗ ರಾಮಚಂದ್ರ ಎಂಬ ಹಿರಿಯ ಬಂಧು ಅವನ ಪೋಷಕ, ದೊಡ್ಡ ಮನೆತನದ ಸರದಾರ, ಪೇಶ್ವೆ ಮನೆಗೆ ಸಂಬಂಧ ಇದ್ದವನು. ಹುಡುಗನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಮನೆಯಲ್ಲಿ ಇಟ್ಟುಕೊಂಡಿದ್ದಾರೆ, ಅವನ ಆರೋಗ್ಯ ಕೆಡುತ್ತಿದೆ ಎಂದು ಮುಂಬಯಿ ಕೋರ್ಟಿಗೆ ಅರ್ಜಿ ಬಂತು. ಕೋರ್ಟು ಪೋಷಕನಿಗೆ ಹೇಬಿಯಸ್ ಕಾರ್ಪಸ್ ರಿಟ್ ಕಳಿಸಿತು: ಹುಡುಗನನ್ನು ತಂದು ನಮ್ಮೆದುರು ನಿಲ್ಲಿಸು, ಯಾವ ಹಕ್ಕಿನಿಂದ ಇಟ್ಟುಕೊಂಡಿದ್ದೀಯ ಹೇಳು. ಅದೇ ಕಾಲಕ್ಕೆ ಠಾಣೆ ಜೈಲಿನಲ್ಲಿದ್ದ ಬಾಪು ಗಣೇಶ್ ಎಂಬ ಕೈದಿಯ ವಿಷಯದಲ್ಲಿ ಜೈಲರನಿಗೂ ಇಂಥದೇ ರಿಟ್ ಹೋಯಿತು. ಅವನನ್ನು ಜೈಲಿಗೆ ಹಾಕಿದ್ದು ಈಸ್ಟ್ ಇಂಡಿಯಾ ಕಂಪನಿಯ ಅದಾಲತ್ತು, ಅಂದರೆ ಕಂಪನಿಯದೇ ನ್ಯಾಯಾಲಯ.

1828ರ ಅಕ್ಟೋಬರ್ 3ರಂದು ಮಾಲ್ಕಮ್ ಮತ್ತು ಅವನ ಕೌನ್ಸಿಲ್ ನ್ಯಾಯಾಧೀಶರಿಗೇ ನೇರವಾಗಿ ಪತ್ರ ಬರೆದರು. ಮೋರೋ ರಘುನಾಥನ ವಿಷಯದಲ್ಲಿ ಇನ್ನು ಮುಂದೆ ಏನೂ ನಡೆಯಗೊಡುವುದಿಲ್ಲ, ಮುಂಬಯಿ ದ್ವೀಪದ ಹೊರಗಿನ ದೇಶೀಯರಿಗಾಗಲಿ ಅಲ್ಲಿನ ಅದಾಲತ್ತುಗಳ ಅಧಿಕಾರಿಗಳಿಗಾಗಲಿ ಹೊರಡಿಸುವ ಇಂಥ ರಿಟ್‌ಗಳಿಗೆ ಉತ್ತರ ಕೊಡಲು ಬಿಡುವುದಿಲ್ಲ ಅಂತ. ಮೂರು ದಿನ ಕಳೆದು ಪೀಠದಲ್ಲಿದ್ದ ಸರ್ ಚಾರ್ಲ್ಸ್ ಚೇಂಬರ್ಸ್ ಮತ್ತು ಗ್ರಾಂಟ್ ಆ ಪತ್ರವನ್ನು ತೆರೆದ ನ್ಯಾಯಾಲಯದಲ್ಲೇ ಓದಿಸಿ ಉತ್ತರ ಹೇಳಿದರು. ಈ ಗೋಡೆಗಳ ಒಳಗೆ ದೇವರು ಮತ್ತು ದೊರೆ ಇಬ್ಬರನ್ನು ಬಿಟ್ಟು ಯಾರೂ ನಮಗೆ ಮೇಲಿನವರಲ್ಲ, ಕಂಪನಿಯವರೂ ಬೇರೆ ಕಕ್ಷಿದಾರರೂ ಇಲ್ಲಿ ಒಂದೇ ಎಂಬುದು ಅವರ ಮಾತಿನ ಸಾರ. ಅದಾಗಿ ಒಂದೇ ವಾರದಲ್ಲಿ, ಅಕ್ಟೋಬರ್ 13ರಂದು, ಚೇಂಬರ್ಸ್ ತೀರಿಕೊಂಡ. ಮುಖ್ಯ ನ್ಯಾಯಾಧೀಶ ಸರ್ ಎಡ್ವರ್ಡ್ ವೆಸ್ಟ್ ಆಗಸ್ಟಿನಲ್ಲೇ ತೀರಿಹೋಗಿದ್ದ. ಆ ವರ್ಷವಷ್ಟೇ ಮುಂಬಯಿಗೆ ಬಂದಿದ್ದ ಗ್ರಾಂಟ್ ಒಬ್ಬನೇ ಉಳಿದ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಕಾನೂನಿನ ಅಕ್ಷರದ ಲೆಕ್ಕದಲ್ಲಿ ಗ್ರಾಂಟ್ ಸೋತ. ಆದರೆ ಕೈದಿಯೊಬ್ಬ ಯಾರ ಮುಂದೆ ನಿಂತು ನನ್ನನ್ನೇಕೆ ಹಿಡಿದಿದ್ದೀರಿ ಎಂದು ಕೇಳಬಹುದು ಎಂಬ ಪ್ರಶ್ನೆಯಲ್ಲಿ ಅವನೇ ಸರಿ. ಆ ಪ್ರಶ್ನೆಗೆ ಮಾಲ್ಕಮ್ ಉತ್ತರ ಕೊಡಲಿಲ್ಲ, ಪ್ರಶ್ನೆ ಕೇಳುವ ಬಾಗಿಲನ್ನೇ ಮುಚ್ಚಿದ.

ನೀವೆಲ್ಲ ಏನು ಹೇಳುತ್ತೀರಿ?

ವಕೀಲ_ಬೆಳಗಾವಿ

ಒಳ್ಳೆ ವಿಷಯ ತೆಗೆದಿರಿ. ಕಾನೂನಿನ ಭಾಗ ಸ್ವಲ್ಪ ಬಿಡಿಸಿ ಹೇಳ್ತೀನಿ, ಇಲ್ಲದಿದ್ದರೆ ಚರ್ಚೆ ದಾರಿ ತಪ್ಪುತ್ತದೆ.

ಈ ಕೋರ್ಟು ಹುಟ್ಟಿದ್ದು 1823ರ ರಾಜಶಾಸನದಿಂದ, ಕೆಲಸ ಶುರು ಮಾಡಿದ್ದು 1824ರಲ್ಲಿ. ಅದಕ್ಕೂ ಮೊದಲು ಮುಂಬಯಿಯಲ್ಲಿ ರೆಕಾರ್ಡರ್ಸ್ ಕೋರ್ಟ್ ಇತ್ತು. ಶಾಸನದಲ್ಲಿ ಎರಡು ಥರದ ಮಾತಿದೆ. ಒಂದು ಕಡೆ ಇಂಗ್ಲೆಂಡಿನ ಕಿಂಗ್ಸ್ ಬೆಂಚ್ ಎಂಬ ದೊರೆಯ ಉನ್ನತ ನ್ಯಾಯಾಲಯದ ನ್ಯಾಯಾಧೀಶರಿಗೆ ಇರುವ ಅಧಿಕಾರ ಇಲ್ಲಿನ ನ್ಯಾಯಾಧೀಶರಿಗೂ ಇದೆ ಎನ್ನುತ್ತದೆ. ಇನ್ನೊಂದು ಕಡೆ ದೇಶೀಯರ ಮೇಲಿನ ವ್ಯಾಪ್ತಿ ಮುಂಬಯಿ ದ್ವೀಪದ ನಿವಾಸಿಗಳಿಗೆ ಸೀಮಿತ. ದ್ವೀಪದ ಆಚೆಗೆ ಬ್ರಿಟಿಷ್ ಪ್ರಜೆಗಳು, ಕಂಪನಿಯ ನೌಕರರು, ಅಷ್ಟೇ.

ಕಿಂಗ್ಸ್ ಬೆಂಚಿನ ರಿಟ್ ದೊರೆಯ ರಾಜ್ಯ ಇರುವಷ್ಟು ದೂರ ಹೋಗುತ್ತದೆ, ಪುಣೆ ದೊರೆಯ ರಾಜ್ಯವೇ, ಆದ್ದರಿಂದ ರಿಟ್ ಅಲ್ಲಿಗೂ ಹೋಗುತ್ತದೆ ಎಂಬುದು ಚೇಂಬರ್ಸ್ ಮತ್ತು ಗ್ರಾಂಟ್ ವಾದ. ಇದನ್ನು ಹುಚ್ಚು ವಾದ ಅಂತ ತಳ್ಳಿಹಾಕಲು ಬರೋದಿಲ್ಲ. ಶಾಸನದ ಒಂದು ಕಲಮು ಹಿಡಿದು ಓದಿದರೆ ಹಾಗೇ ಕಾಣುತ್ತದೆ.

ಗ್ರಾಂಟ್ ದೊರೆಗೆ ಮನವಿ ಬರೆದ. ಅದು ಲಂಡನ್ನಿನ ಪ್ರಿವಿ ಕೌನ್ಸಿಲ್, ಅಂದರೆ ಇಲ್ಲಿಯ ಕೋರ್ಟುಗಳ ಮೇಲೆ ಕೊನೆಯ ಮಾತು ಹೇಳುವ ದೊರೆಯ ಸಭೆಯ ಮುಂದೆ ಹೋಯಿತು. 1829ರ ಮೇ ತಿಂಗಳಲ್ಲಿ ತೀರ್ಮಾನ ಬಂತು, ಪೂರಾ ಕೋರ್ಟಿನ ವಿರುದ್ಧ. ಎರಡೂ ರಿಟ್ ಹೊರಡಿಸಿದ್ದು ತಪ್ಪು. ಸ್ಥಳೀಯ ಗಡಿಯೊಳಗೆ ಇರುವವನಿಗೆ, ಇಲ್ಲವೇ ಗಡಿಯ ಹೊರಗಿದ್ದರೂ ಖುದ್ದಾಗಿ ಕೋರ್ಟಿನ ವ್ಯಾಪ್ತಿಗೆ ಒಳಪಟ್ಟವನಿಗೆ ಮಾತ್ರ ರಿಟ್ ಕಳಿಸಬಹುದು. ದೇಶೀಯ ಅದಾಲತ್ತಿನ ಜೈಲರನಿಗೆ ಕಳಿಸುವ ಹಾಗಿಲ್ಲ, ಆ ಅದಾಲತ್ತು ಒಳಗೆ ಹಾಕಿದವನನ್ನು ಬಿಡಿಸುವ ಹಾಗೂ ಇಲ್ಲ. ಕೊನೆಯದು ಹೆಚ್ಚು ಜನ ಗಮನಿಸದ ಅಂಶ: ಜೈಲರನು ತನ್ನ ಉತ್ತರದಲ್ಲಿ ಅದಾಲತ್ತಿನ ಅಧಿಕಾರ ಏನು ಎತ್ತ ಅಂತ ವಿವರಿಸಬೇಕಾಗಿಲ್ಲ, ಸುಪ್ರೀಂ ಕೋರ್ಟೇ ಅದನ್ನು ತಿಳಿದು ನಡೆಯಬೇಕು. ಅಂದರೆ ಕಾರಣ ಹೇಳುವ ಭಾರವೂ ಹಿಡಿದವನ ಮೇಲಿಂದ ಇಳಿಯಿತು.

ಮೈಸೂರು_ಮೇಷ್ಟ್ರು

ಹಳೆದಫ್ತರ ಅವರೇ, ನೀವು ಗ್ರಾಂಟ್ ಕಡೆ ಸ್ವಲ್ಪ ಹೆಚ್ಚೇ ವಾಲಿದ್ದೀರಿ. ಮಾಲ್ಕಮ್ ಕಡೆಯಿಂದಲೂ ಯಾರಾದರೂ ಮಾತಾಡಬೇಕು, ನಾನು ಮಾತಾಡ್ತೀನಿ.

ಮಾಲ್ಕಮ್ ಲಂಡನ್ನಿನಿಂದ ಹಡಗು ಹತ್ತಿ ಸೀದಾ ಬಂದು ಕುರ್ಚಿಯಲ್ಲಿ ಕೂತ ಮನುಷ್ಯ ಅಲ್ಲ. ಹದಿಮೂರು ಹದಿನಾಲ್ಕು ವಯಸ್ಸಿಗೇ ಮದ್ರಾಸ್ ಸೈನ್ಯಕ್ಕೆ ಬಂದವರು. 1792ರಲ್ಲೂ 1799ರಲ್ಲೂ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದರು. ಟಿಪ್ಪು ಸತ್ತ ಮೇಲೆ ಮೈಸೂರು ರಾಜ್ಯವನ್ನು ಹಂಚಿದ ಕಮಿಷನ್ನಿಗೆ ಕಾರ್ಯದರ್ಶಿಗಳಾಗಿದ್ದವರು ಇಬ್ಬರು, ಥಾಮಸ್ ಮನ್ರೋ ಮತ್ತು ಇದೇ ಮಾಲ್ಕಮ್. ಆಮೇಲೆ ಮೈಸೂರಿಗೆ ರೆಸಿಡೆಂಟ್ ಆಗಿಯೂ ನೇಮಕವಾದರು. 1818ರಲ್ಲಿ ಕೊನೆಯ ಪೇಶ್ವೆ ಎರಡನೇ ಬಾಜಿರಾಯನನ್ನು ಶರಣಾಗಲು ಒಪ್ಪಿಸಿ ವರ್ಷಕ್ಕೆ 8 ಲಕ್ಷ ರೂಪಾಯಿ ಪಿಂಚಣಿಯ ಮಾತು ಕೊಟ್ಟವರೂ ಅವರೇ. ಆ ಮಾತು ಕೊಟ್ಟಿದ್ದಕ್ಕೆ ಗವರ್ನರ್ ಜನರಲ್ ಕಡೆಯಿಂದ ಅವರಿಗೆ ಅಸಮಾಧಾನವೂ ಎದುರಾಯಿತು.

ಈಗ ಅವರ ಜಾಗದಲ್ಲಿ ನಿಂತು ನೋಡಿ. ಪೇಶ್ವೆ ರಾಜ್ಯ ಬಿದ್ದು ಬರೀ ಹತ್ತು ವರ್ಷ. ದಖ್ಖನಿನ ಸರದಾರರಿಗೆ ಮಾಲ್ಕಮ್‌ಗಿಂತ ಹಿಂದಿನ ಗವರ್ನರ್ ಎಲ್ಫಿನ್‌ಸ್ಟನ್ ಮಾತು ಕೊಟ್ಟಿದ್ದಾರೆ: ನಿಮ್ಮ ಮಾನ ಮರ್ಯಾದೆ ಉಳಿಸ್ತೇವೆ, ಸಾಮಾನ್ಯ ಕಚೇರಿಗಳಿಗೆ ಎಳೆಯೋದಿಲ್ಲ, ನಿಮ್ಮ ವ್ಯಾಜ್ಯಗಳನ್ನು ನೋಡಲು ಪ್ರತ್ಯೇಕ ಏಜೆಂಟ್ ಇರ್ತಾನೆ ಅಂತ. ಅಂಥ ಮನೆತನದ ಯಜಮಾನನನ್ನು, ಅದೂ ಪೇಶ್ವೆ ಬಂಧುವನ್ನು, ಭಾಷೆಯೂ ಗೊತ್ತಿಲ್ಲದ, ಕಾನೂನೂ ಗೊತ್ತಿಲ್ಲದ ಮುಂಬಯಿ ಕೋರ್ಟಿಗೆ ಮನೆಯ ಹುಡುಗನನ್ನು ಕರೆದುಕೊಂಡು ಬಾ ಅಂದರೆ ಕೊಟ್ಟ ಮಾತು ಏನಾಗಬೇಕು?

ಇನ್ನು ದೊರೆಯ ಕೋರ್ಟು ಬಡವರ ಆಸರೆ ಅನ್ನೋ ಭಾವನೆ ನನಗಿಲ್ಲ. ಕಲ್ಕತ್ತೆಯ ಸುಪ್ರೀಂ ಕೋರ್ಟು ಬಂದ ವರ್ಷದೊಳಗೆ ಏನಾಯಿತು? 1775ರ ಆಗಸ್ಟಿನಲ್ಲಿ ಮಹಾರಾಜ ನಂದಕುಮಾರನನ್ನು ಇಂಗ್ಲಿಷ್ ಕಾನೂನಿನ ಪ್ರಕಾರ ಫೋರ್ಜರಿಗಾಗಿ ನೇಣು ಹಾಕಿದರು. ನಮ್ಮ ದೇಶದ ಯಾವ ಧರ್ಮಶಾಸ್ತ್ರದಲ್ಲೂ ಆ ತಪ್ಪಿಗೆ ಆ ಶಿಕ್ಷೆ ಇರಲಿಲ್ಲ. 1779–80ರಲ್ಲಿ ಕಾಶಿಜೋಡಾ ಜಮೀನ್ದಾರನ ಮನೆಗೆ ಕೋರ್ಟಿನ ಶೆರಿಫನ ಆಳುಗಳು ನುಗ್ಗಿದರು, ಗವರ್ನರ್ ಜನರಲ್ ಹೇಸ್ಟಿಂಗ್ಸ್ ಸರ್ಕಾರ ಸಿಪಾಯಿಗಳನ್ನು ಕಳಿಸಿ ಅವರನ್ನು ಹಿಡಿಸಿತು. ಆ ರಗಳೆಗಾಗಿಯೇ 1781ರಲ್ಲಿ ಪಾರ್ಲಿಮೆಂಟು ಹೊಸ ಕಾಯಿದೆ ಮಾಡಿ ಕಲ್ಕತ್ತೆ ಕೋರ್ಟಿನ ಕೈ ಕಟ್ಟಿತು. ಇಷ್ಟೆಲ್ಲ ಆದ ಮೇಲೂ ಮುಂಬಯಿಯಲ್ಲಿ ಅದೇ ದಾರಿ ಹಿಡಿಯಬೇಕಿತ್ತೇ?

ಓದುಗ_ಶಿವಮೊಗ್ಗ

ಒಂದು ಸಂದೇಹ. ಕಂಪನಿಯದೂ ಬ್ರಿಟಿಷರದೇ, ಸುಪ್ರೀಂ ಕೋರ್ಟೂ ಬ್ರಿಟಿಷರದೇ. ಒಂದೇ ಸರ್ಕಾರಕ್ಕೆ ಎರಡು ಥರ ಕೋರ್ಟು ಯಾಕೆ ಇತ್ತು?

ವಕೀಲ_ಬೆಳಗಾವಿ

ಸರ್, ಇಡೀ ಜಗಳದ ಬೇರು ಅಲ್ಲೇ ಇದೆ. ಸುಪ್ರೀಂ ಕೋರ್ಟಿನ ಜಡ್ಜುಗಳನ್ನು ನೇಮಿಸುತ್ತಿದ್ದದ್ದು ದೊರೆ. ಅವರಿಗೆ ಗವರ್ನರನ ಹಂಗಿಲ್ಲ. ಕಂಪನಿಯ ಅಧಿಕಾರಿಗಳ ಮೇಲೆ ಒಂದು ಕಣ್ಣಿಡಲಿ ಅಂತಲೇ ಪಾರ್ಲಿಮೆಂಟು ಈ ಕೋರ್ಟುಗಳನ್ನು ಮಾಡಿದ್ದು. ಅದಾಲತ್ತುಗಳು ಕಂಪನಿಯವು, ಅಲ್ಲಿ ಕೂರುವ ಜಡ್ಜ್ ಕಂಪನಿಯ ನೌಕರ, ಬಡ್ತಿ ಕೊಡುವವನು ಗವರ್ನರ್. ಧಾರವಾಡದ ರೈತನಿಗೆ ಕಂದಾಯದ ಕಡೆಯಿಂದ ತೊಂದರೆಯಾದರೆ ಅವನು ದೂರು ಕೊಡಬೇಕಾದದ್ದು ಅದೇ ಕಂಪನಿಯ ಇನ್ನೊಬ್ಬ ನೌಕರನ ಹತ್ತಿರ.

ಮುಂಬಯಿಯಲ್ಲಿ ಈ ಎರಡೂ ಕಡೆಯವರ ನಡುವೆ ಗ್ರಾಂಟ್ ಬರುವ ಮೊದಲೇ ಹೊಗೆಯಾಡುತ್ತಿತ್ತು. ಪತ್ರಿಕೆಗಳಿಗೆ ಲೈಸೆನ್ಸ್ ಬೇಕು ಎಂಬ ನಿಯಮವನ್ನು ಕಲ್ಕತ್ತೆಯ ಕೋರ್ಟು 1823ರಲ್ಲಿ ನೋಂದಾಯಿಸಿಕೊಂಡಿತು. ಮುಂಬಯಿ ಸರ್ಕಾರ ಅಂಥದೇ ನಿಯಮ ತಂದಾಗ ವೆಸ್ಟ್ ಮತ್ತು ಜೊತೆಯ ಜಡ್ಜುಗಳು ನೋಂದಾಯಿಸಲು ಒಪ್ಪಲೇ ಇಲ್ಲ. ಗವರ್ನರ್ ಆಗಿದ್ದ ಎಲ್ಫಿನ್‌ಸ್ಟನ್‌ಗೂ ವೆಸ್ಟ್‌ಗೂ ಮಾತುಕತೆ ಹಳಸಿಹೋಗಿತ್ತು. ಮಾಲ್ಕಮ್ 1827ರ ಕೊನೆಗೆ ಬಂದಾಗ ಆ ಹಳೇ ದ್ವೇಷವೂ ಅವನ ಪಾಲಿಗೆ ಬಂತು.

ಪುಣೆಯ_ಕನ್ನಡತಿ

ಎಲ್ಲರೂ ಗವರ್ನರ್ ಮರ್ಯಾದೆ, ಜಡ್ಜ್ ಮರ್ಯಾದೆ, ಸರದಾರರ ಮರ್ಯಾದೆ ಅಂತ ಮಾತಾಡ್ತಿದ್ದೀರಿ. ಮೋರೋ ರಘುನಾಥನ ಮಾತು ಯಾರೂ ಎತ್ತಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನೋದು ಇದಕ್ಕೇ.

ಮೇಷ್ಟ್ರೇ, ನೀವು ಹೇಳಿದ ಎಲ್ಫಿನ್‌ಸ್ಟನ್ ಮಾತು ನಿಜ. ಸರದಾರರಿಗೆ ವಿಶೇಷ ಸವಲತ್ತು ಕೊಡುವ ನಿಯಮ 1827ರ ರೆಗ್ಯುಲೇಶನ್ನುಗಳಲ್ಲೇ ಇದೆ. ಆದರೆ ಆ ಸವಲತ್ತು ಯಾರಿಗೆ? ಮನೆಯ ಯಜಮಾನನಿಗೆ. ಅದೇ ಮನೆಯ ಹದಿನಾಲ್ಕು ವರ್ಷದ ಹುಡುಗ, ಅದೂ ಆಸ್ತಿ ಇರುವ ಹುಡುಗ, ಯಜಮಾನನ ಮೇಲೆಯೇ ದೂರು ಹೇಳಬೇಕಾದರೆ ಎಲ್ಲಿಗೆ ಹೋಗಬೇಕು? ಯಜಮಾನನ ಮಾನ ಕಾಪಾಡಲು ನೇಮಕವಾದ ಏಜೆಂಟನ ಹತ್ತಿರವೇ?

ನಾನು ಸದಾಶಿವ ಪೇಠೆಯ ಹತ್ತಿರ ಇರೋದು. ಹಳೇ ವಾಡೆಗಳು ಈಗಲೂ ಅಲ್ಲಲ್ಲಿ ಉಳಿದಿವೆ. ಎತ್ತರದ ಗೋಡೆ, ಒಂದೇ ದೊಡ್ಡ ಬಾಗಿಲು, ಒಳಗೆ ಚೌಕ. ಒಳಗಿನ ಸದ್ದು ಬೀದಿಗೆ ಬರೋದಿಲ್ಲ. ಕೋರ್ಟಿನ ಕಾಗದ ಒಂದನ್ನು ಬಿಟ್ಟರೆ ಆ ಬಾಗಿಲನ್ನು ಬಡಿಯುವ ಶಕ್ತಿ ಬೇರೆ ಯಾವುದಕ್ಕೂ ಇರಲಿಲ್ಲ. ಮಾಲ್ಕಮ್ ತಡೆದದ್ದು ಅದನ್ನೇ.

ಮೈಸೂರು_ಮೇಷ್ಟ್ರು

ಅಮ್ಮಾ, ಹುಡುಗನ ಬಗ್ಗೆ ನೀವು ಹೇಳಿದ್ದು ಮನಸ್ಸಿಗೆ ನಾಟಿತು. ಆದರೂ ಕೇಳ್ತೀನಿ. ಏಪ್ರಿಲ್ 1ರಂದು ಗ್ರಾಂಟ್ ಕೋರ್ಟು ನಿಲ್ಲಿಸಿದರಲ್ಲ, ಆ ದಿನ ಮುಂಬಯಿ ದ್ವೀಪದಲ್ಲಿ ಎಷ್ಟು ಜನರ ಮೊಕದ್ದಮೆ ಬಾಕಿ ಇದ್ದಿರಬೇಕು? ಸಾಲದ ವಿಚಾರ, ಉಯಿಲಿನ ವಿಚಾರ, ಪಾರ್ಸಿ ವ್ಯಾಪಾರಿಗಳು, ಗುಜರಾತಿ ಶೆಟ್ಟರು, ಜೈಲಿನಲ್ಲಿ ವಿಚಾರಣೆಗೆ ಕಾಯುತ್ತಿದ್ದವರು. ಇವರು ಯಾರೂ ಮಾಲ್ಕಮ್ ಜೊತೆ ಜಗಳಕ್ಕೆ ಹೋದವರಲ್ಲ. ಪುಣೆಯ ಒಬ್ಬ ಹುಡುಗನಿಗೆ ಕೋರ್ಟಿನ ಬಾಗಿಲು ತೆಗೆಸಬೇಕು ಅಂತ ಮುಂಬಯಿಯ ಎಲ್ಲರಿಗೂ ಬಾಗಿಲು ಹಾಕಿದರು. ನ್ಯಾಯಾಧೀಶ ಮುಷ್ಕರ ಹೂಡುವುದನ್ನು ನಾನು ಯಾವ ಕಾಲಕ್ಕೂ ಒಪ್ಪಲಾರೆ. ಸರ್ಕಾರ ಆದೇಶ ಪಾಲಿಸದಿದ್ದರೆ ಅದನ್ನು ದಾಖಲೆ ಮಾಡಿ, ಮೇಲಿನವರಿಗೆ ಬರೆದು, ಉಳಿದ ಕೆಲಸ ಮುಂದುವರಿಸಬೇಕು. ಮನವಿ ಅದಾಗಲೇ ಲಂಡನ್ನಿಗೆ ಹೋಗಿತ್ತಲ್ಲ.

ಹಳೆದಫ್ತರ

ಮೇಷ್ಟ್ರ ಪ್ರಶ್ನೆ ಸುಲಭವಾಗಿ ತಳ್ಳುವಂಥದ್ದಲ್ಲ. ಕೋರ್ಟು ನಿಲ್ಲಿಸಿದ್ದರಿಂದ ಅಮಾಯಕರಿಗೆ ನಷ್ಟವಾಗಿಯೇ ಇರುತ್ತದೆ. ಆದರೂ ಗ್ರಾಂಟ್ ಸ್ಥಿತಿ ನೋಡಿ. ಮನವಿ ಹೋಗಿದ್ದು ನಿಜ, ಆದರೆ ಆಗ ಹಡಗು ಗುಡ್‌ಹೋಪ್ ಭೂಶಿರ ಬಳಸಿ ಹೋಗಬೇಕು. ಕಾಗದ ಹೋಗಿ ಉತ್ತರ ಬರಲು ತಿಂಗಳುಗಟ್ಟಲೆ ಬೇಕು. ಆ ನಡುವೆ ರಿಟ್ ಮೇಲೆ ರಿಟ್ ಹೊರಡಿಸಿದರೂ ಗವರ್ನರ್ ಪುಣೆಯ ಅಧಿಕಾರಿಗಳಿಗೆ ಸಹಾಯ ಮಾಡಬೇಡಿ ಎಂದು ಹೇಳಿಬಿಟ್ಟಿದ್ದಾನೆ. ಇಂದು ಈ ಒಂದು ರಿಟ್ ಬೇಡ ಅಂದವನು ನಾಳೆ ಮುಂಬಯಿ ದ್ವೀಪದ ಒಳಗಿನ ಆದೇಶವನ್ನೂ ಬೇಡ ಅನ್ನಬಹುದು. ಸರ್ಕಾರಕ್ಕೆ ಬೇಕಾದಷ್ಟು ಮಾತ್ರ ಜಾರಿಯಾಗುವ ತೀರ್ಪು ಬರೆಯುತ್ತ ಕೂತರೆ ಆ ಕುರ್ಚಿ ಗವರ್ನರನದೇ ಆಗುತ್ತದೆ. ಗ್ರಾಂಟ್ ಇದನ್ನು ಸಹಿಸಲಿಲ್ಲ.

ಲಂಡನ್ನಿನಿಂದ ಬಂದ ಕಾಗದದ ಕಥೆ ಕೇಳಿ. ಭಾರತದ ಆಡಳಿತ ನೋಡುತ್ತಿದ್ದ ಬೋರ್ಡ್ ಆಫ್ ಕಂಟ್ರೋಲ್ ಅಧ್ಯಕ್ಷ ಲಾರ್ಡ್ ಎಲೆನ್‌ಬರೋ 1829ರ ಫೆಬ್ರವರಿ 21ರಂದು ಮಾಲ್ಕಮ್‌ಗೆ ಖಾಸಗಿ ಪತ್ರ ಬರೆದ. ಮುಖ್ಯ ನ್ಯಾಯಾಧೀಶನಾಗಿ ಅಲ್ಲಿಯ ಅಡ್ವೊಕೇಟ್ ಜನರಲ್ ಡ್ಯುವಾರ್, ಜೊತೆಗೆ ವಿಲಿಯಂ ಸೆಮೋರ್ ಬರುತ್ತಾರೆ, ಎರಡು ಪಳಗಿದ ಆನೆಗಳ ನಡುವೆ ಸಿಕ್ಕಿದ ಕಾಡಾನೆಯ ಹಾಗೆ ಗ್ರಾಂಟ್ ಇನ್ನು ಕಿಡಿಗೇಡಿತನ ಮಾಡಲಾರ ಎಂಬ ಅರ್ಥದ ಮಾತು ಅದರಲ್ಲಿತ್ತು. ಈ ಪತ್ರ ಹೇಗೋ ಹೊರಬಿದ್ದು ಭಾರತದ ಪತ್ರಿಕೆಗಳಲ್ಲಿ ಅಚ್ಚಾಯಿತು, ಇಂಗ್ಲೆಂಡಿನಲ್ಲೂ ಗದ್ದಲವಾಯಿತು.

ಗ್ರಾಂಟನ ಸಿಟ್ಟು, ಹಟ ಎಲ್ಲವನ್ನೂ ಒಪ್ಪುತ್ತೇನೆ. ಆದರೆ ಈ ಪತ್ರ ಅವನ ಅನುಮಾನವನ್ನು ನಿಜ ಮಾಡಿತು. ಸರ್ಕಾರದ ಹಿರಿಯ ಮಂತ್ರಿಯೊಬ್ಬ ನ್ಯಾಯಪೀಠಕ್ಕೆ ಜನರನ್ನು ಆರಿಸುವಾಗ ಅವರ ಪಳಗಿದ ಗುಣವನ್ನೇ ಅರ್ಹತೆ ಎಂದು ಬರೆಯುತ್ತಾನೆ. ಇದಕ್ಕಿಂತ ಇನ್ನೇನು ಸಾಕ್ಷಿ ಬೇಕು?

ಲಂಡನ್_ಕನ್ನಡಿಗ

ಗ್ರಾಂಟ್ ಬಗ್ಗೆ ಒಂದಿಷ್ಟು. ಸ್ಕಾಟ್ಲೆಂಡಿನ ರಾಥಿಮರ್ಕಸ್ ಎಂಬ ದೊಡ್ಡ ಜಮೀನಿನ ಒಡೆಯ, ಪಾರ್ಲಿಮೆಂಟ್ ಸದಸ್ಯನೂ ಆಗಿದ್ದ. ಸಾಲ ಕುತ್ತಿಗೆಗೆ ಬಂದಾಗ ಮುಂಬಯಿಯ ಈ ಕೆಲಸ ಸಿಕ್ಕಿತು. ಸಂಬಳಕ್ಕಾಗಿಯೇ ಬಂದ ಮನುಷ್ಯ ಅನ್ನಿ. ಹಾಗಿದ್ದೂ ಸುಮ್ಮನೆ ತಲೆಯಾಡಿಸಿಕೊಂಡು ಇರಲಿಲ್ಲ ಎಂಬುದೇ ನನಗೆ ದೊಡ್ಡದು. ಆಮೇಲೆ ಮುಂಬಯಿ ಬಿಟ್ಟು ಕಲ್ಕತ್ತೆಗೆ ಹೋಗಿ ವಕೀಲಿ ಮಾಡಿದ, 1833ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಾಧೀಶನಾದ. 1848ರಲ್ಲಿ ಊರಿಗೆ ಮರಳುವಾಗ ಹಡಗಿನಲ್ಲೇ ತೀರಿಕೊಂಡ. ಮಗನ ಹೆಸರೂ ಜಾನ್ ಪೀಟರ್ ಗ್ರಾಂಟ್, ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಆಗಿದ್ದವನು. ಇಬ್ಬರನ್ನೂ ಒಂದೇ ಮಾಡಿ ಬರೆದದ್ದು ಅಂತರ್ಜಾಲದಲ್ಲಿ ಅಲ್ಲಲ್ಲಿ ಕಾಣುತ್ತದೆ, ಗಮನವಿರಲಿ.

ಬೈಲಹೊಂಗಲದಾಂವ

ಎಲ್ಲಾ ಓದಿದೆ. ಒಂದ ಮಾತ ಹೇಳತೇನ್ರಿ.

ನಮ್ಮೂರಾಗ ಚೆನ್ನಮ್ಮ ತಾಯಿ ಸಮಾಧಿ ಐತಿ. 1824ರ ಅಕ್ಟೋಬರ್ 23ಕ್ಕ ಕಿತ್ತೂರಿನ್ಯಾಗ ಕಲೆಕ್ಟರ್ ಥ್ಯಾಕರೆ ಬಿದ್ದ. ಡಿಸೆಂಬರಿನ್ಯಾಗ ದೊಡ್ಡ ದಂಡು ಬಂದು ಕಿತ್ತೂರ ಕೋಟೆ ತಗೊಂಡ್ರು, ತಾಯೀನ ಹಿಡದು ಬೈಲಹೊಂಗಲ ಕೋಟ್ಯಾಗ ಇಟ್ಟರು. ಅಲ್ಲೇ ಅಕಿ ತೀರಕೊಂಡಿದ್ದು 1829ರ ಫೆಬ್ರವರಿ ತಿಂಗಳದಾಗ.

ನೀವು ಬರದ ತಾರೀಖು ನೋಡ್ರಿ. 1828ರ ಅಕ್ಟೋಬರ್, 1829ರ ಫೆಬ್ರವರಿ, 1829ರ ಏಪ್ರಿಲ್. ಮುಂಬಯಿದಾಗ ಈ ದೊಡ್ಡಮಂದಿ ರಿಟ್ ಹೋಗತೈತೋ ಇಲ್ಲೋ ಅಂತ ಬಡದಾಡಾಕತ್ತಾಗ ನಮ್ಮ ತಾಯಿ ಅದ ಮುಂಬಯಿ ಸರ್ಕಾರದ ಕೋಟ್ಯಾಗ ನಾಕು ವರ್ಷದಿಂದ ಸೆರೀ ಇದ್ದಳು. ಯಾವ ಜಡ್ಜ್ ಮುಂದ ಅಕೀನ ನಿಲ್ಲಿಸಿದ್ರು? ಯಾವ ತಪ್ಪಿಗೆ ಎಷ್ಟ ವರ್ಷ ಅಂತ ಯಾರು ಹೇಳಿದ್ರು? ಎಲ್ಲಾರೂ ತಾಯಿ ಕತ್ತಿ ಬಗ್ಗೆ ಹಾಡತೇವಿ. ಆ ನಾಕು ವರ್ಷ ಯಾವ ಕಾನೂನಿನ ಮ್ಯಾಲ ಇಟ್ಟಿದ್ರು ಅಂತ ಯಾರೂ ಕೇಳಂಗಿಲ್ಲ.

ಮೇಷ್ಟ್ರ, ನಿಮ್ಮ ಮ್ಯಾಲ ಗೌರವ ಐತಿ. ಆದ್ರ ಮಾಲ್ಕಮ್ ಸಾಹೇಬ ಕೊಟ್ಟ ಮಾತಿಗೆ ಅಷ್ಟ ಬೆಲಿ ಕೊಡಾಂವ ಇದ್ದ ಅಂದ್ರ ಕಿತ್ತೂರಿಗೆ ಕೊಟ್ಟ ಮಾತು ಎಲ್ಲಿ ಹೋತು? 1818ರಾಗ ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ ಇವರ ಕೂಡ ನಿಂತಿದ್ದ, ಸಂಸ್ಥಾನ ಇವರ ಕೈಯಿಂದನ ಪಕ್ಕಾ ಆಗಿತ್ತು. ಅಂವ ತೀರಕೊಂಡ ಮ್ಯಾಲ ದತ್ತಕ ನಡ್ಯಂಗಿಲ್ಲ ಅಂದ್ರಲ್ಲ.

ಪುಣೆಯ_ಕನ್ನಡತಿ

ಅಣ್ಣಾ, ಈ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದು ಇದೇ ಮೊದಲು. ಮನಸ್ಸು ಭಾರವಾಯಿತು.

ಮೈಸೂರು_ಮೇಷ್ಟ್ರು

ಕಿತ್ತೂರಿನ ವಿಷಯದಲ್ಲಿ ನನ್ನ ಹತ್ತಿರ ಸಮರ್ಥನೆ ಇಲ್ಲ, ಮಾಡೋದೂ ಇಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ದತ್ತಕ ನಿರಾಕರಿಸಿ ಕೋಟೆ ತೆಗೆದುಕೊಂಡದ್ದು ಎಲ್ಫಿನ್‌ಸ್ಟನ್ ಗವರ್ನರ್ ಆಗಿದ್ದಾಗ. ಮಾಲ್ಕಮ್ ಬಂದದ್ದು ಮೂರು ವರ್ಷದ ನಂತರ.

ಬೈಲಹೊಂಗಲದಾಂವ

ಬಂದ ಮ್ಯಾಲ ಬಿಟ್ಟನೇನ್ರಿ? ಅಂವ 1830ರ ಡಿಸೆಂಬರ್ ತನಕಾ ಗವರ್ನರ್ ಇದ್ದ. ತಾಯಿ ಸತ್ತಿದ್ದು ಅವನ ಕಾಲದಾಗ. ಸಂಗೊಳ್ಳಿ ರಾಯಣ್ಣ ಎದ್ದಿದ್ದೂ ಅವನ ಕಾಲದಾಗ.

ವಕೀಲ_ಬೆಳಗಾವಿ

ಬೈಲಹೊಂಗಲದ ಅಣ್ಣನ ಪ್ರಶ್ನೆಗೆ ವಕೀಲನಾಗಿ ಪ್ರಾಮಾಣಿಕ ಉತ್ತರ ಕೊಡಬೇಕು. ಗ್ರಾಂಟ್ ಗೆದ್ದಿದ್ದರೂ ಅವನ ರಿಟ್ ಚೆನ್ನಮ್ಮನವರನ್ನು ಬಿಡಿಸುತ್ತಿತ್ತು ಎಂದು ಹೇಳಲಾಗದು. ಯುದ್ಧದಲ್ಲಿ ಹಿಡಿದವರ ವಿಷಯದಲ್ಲಿ ಇಂಗ್ಲೆಂಡಿನಲ್ಲೂ ಹೇಬಿಯಸ್ ಕಾರ್ಪಸ್ ನಡೆಯುತ್ತಿರಲಿಲ್ಲ, ಸರ್ಕಾರ ಆ ಉತ್ತರವನ್ನೇ ಕೊಡುತ್ತಿತ್ತು. ಆದರೆ ಒಂದು ವ್ಯತ್ಯಾಸ ಇದೆ, ಸಣ್ಣದಲ್ಲ. ರಿಟ್ ಬೈಲಹೊಂಗಲದವರೆಗೆ ಹೋಗುವಂತಿದ್ದರೆ ಸರ್ಕಾರ ಆ ಉತ್ತರವನ್ನಾದರೂ ತೆರೆದ ನ್ಯಾಯಾಲಯದಲ್ಲಿ ಬರೆದು ಕೊಡಬೇಕಾಗುತ್ತಿತ್ತು. ಅದರ ಮೇಲೆ ವಾದ ನಡೆಯುತ್ತಿತ್ತು. ಕೋಟೆಗಾಗಿ ಎದ್ದು ನಿಂತ ಸಂಸ್ಥಾನದ ರಾಣಿ ಶತ್ರುವೋ ಪ್ರಜೆಯೋ, ಶತ್ರುವಾದರೆ ಯುದ್ಧ ಮುಗಿದು ನಾಲ್ಕು ವರ್ಷವಾದರೂ ಸೆರೆ ಯಾಕೆ, ಪ್ರಜೆಯಾದರೆ ವಿಚಾರಣೆ ಎಲ್ಲಿ? ಇವೆಲ್ಲ ದಾಖಲೆಯಾಗುತ್ತಿದ್ದವು. 1829ರ ತೀರ್ಮಾನದ ನಂತರ ಆ ಪ್ರಶ್ನೆ ಕೇಳುವ ಜಾಗವೇ ಇಲ್ಲವಾಯಿತು.

ಇನ್ನೊಂದು ಕಾಗದ ಇದೆ, ಅದನ್ನು ಇದರ ಜೊತೆಗಿಟ್ಟೇ ಓದಬೇಕು. ಎಲ್ಫಿನ್‌ಸ್ಟನ್ ಸಂಹಿತೆ ಅಂತ ಹೊಗಳುವ 1827ರ ಮುಂಬಯಿ ರೆಗ್ಯುಲೇಶನ್ನುಗಳಲ್ಲಿ 25ನೆಯದು ರಾಜ್ಯಕೈದಿಗಳ ಬಗ್ಗೆ. ರಾಜ್ಯದ ಕಾರಣ ಅಂತ ಹೇಳಿ ಸರ್ಕಾರ ಯಾರನ್ನಾದರೂ ವಿಚಾರಣೆ ಇಲ್ಲದೆ ಸೆರೆಯಲ್ಲಿ ಇಡಬಹುದು. ಬಂಗಾಳದಲ್ಲಿ 1818ರ 3ನೇ ರೆಗ್ಯುಲೇಶನ್, ಮದ್ರಾಸಿನಲ್ಲಿ 1819ರ 2ನೆಯದು, ಮುಂಬಯಿಯಲ್ಲಿ ಇದು. ಒಂದು ಕೈಯಲ್ಲಿ ಕಾರಣ ಹೇಳದೆ ಹಿಡಿಯುವ ಅಧಿಕಾರ, ಇನ್ನೊಂದು ಕೈಯಲ್ಲಿ ಕಾರಣ ಕೇಳುವ ಕೋರ್ಟನ್ನು ದ್ವೀಪದೊಳಗೆ ಕೂಡಿಹಾಕುವ ತೀರ್ಪು. ಮೂರು ವರ್ಷದೊಳಗೆ ಎರಡೂ ಸೇರಿಕೊಂಡವು.

ಪುಣೆಯ_ಕನ್ನಡತಿ

ವಕೀಲರು 25ನೇ ರೆಗ್ಯುಲೇಶನ್ ಹೆಸರು ಎತ್ತಿದ್ದರಿಂದ ಇದನ್ನು ಹೇಳಲೇಬೇಕು. 1897ರಲ್ಲಿ ಪುಣೆಯಲ್ಲಿ ಪ್ಲೇಗು, ಆಮೇಲೆ ಪ್ಲೇಗ್ ಅಧಿಕಾರಿ ರ‍್ಯಾಂಡ್ ಕೊಲ್ಲಲ್ಪಟ್ಟ. ಆಗ ಸರ್ಕಾರ ನಾತು ಸಹೋದರರು ಎಂಬ ಇಬ್ಬರು ಸರದಾರರನ್ನು ಹಿಡಿದು ಜೈಲಿಗೆ ಹಾಕಿತು. ಆರೋಪಪಟ್ಟಿ ಇಲ್ಲ, ವಿಚಾರಣೆ ಇಲ್ಲ. ಬಳಸಿದ್ದು ಇದೇ 1827ರ 25ನೇ ರೆಗ್ಯುಲೇಶನ್. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎಷ್ಟೋ ಸಲ ಪ್ರಶ್ನೆ ಎದ್ದಿತು, ಆದರೂ 1899ರವರೆಗೆ ಬಿಡಲಿಲ್ಲ.

ಮೇಷ್ಟ್ರೇ, 1828ರಲ್ಲಿ ಸರದಾರರ ಮರ್ಯಾದೆ ಉಳಿಸಲು ಕೋರ್ಟನ್ನು ಪುಣೆಯಿಂದ ದೂರ ಇಟ್ಟರು ಅಂತ ನೀವು ಹೇಳಿದಿರಿ. ಎಪ್ಪತ್ತು ವರ್ಷದ ನಂತರ ಅದೇ ಪುಣೆಯ ಸರದಾರರಿಗೆ ಕೋರ್ಟು ಬೇಕಾಯಿತು.

ಮೈಸೂರು_ಮೇಷ್ಟ್ರು

ಈ ಉದಾಹರಣೆಗೆ ಎದುರು ಮಾತಿಲ್ಲ. ಆದರೆ ನನ್ನ ಮೂಲ ವಾದ ಹಾಗೇ ಇದೆ. ತಪ್ಪು ಮಾಲ್ಕಮ್ ಒಬ್ಬರದಲ್ಲ, ಗ್ರಾಂಟ್ ಒಬ್ಬರದೂ ಅಲ್ಲ. ಎರಡು ಅಧಿಕಾರಗಳನ್ನು ಹುಟ್ಟಿಸಿ ಗಡಿ ಬರೆಯದೆ ಬಿಟ್ಟ ಪಾರ್ಲಿಮೆಂಟಿನದು. 1781ರಲ್ಲಿ ಕಲ್ಕತ್ತೆಗೆ ಬರೆದ ಗಡಿಯನ್ನು 1823ರಲ್ಲಿ ಮುಂಬಯಿಗೆ ಸರಿಯಾಗಿ ಬರೆದಿದ್ದರೆ ಈ ರಾದ್ಧಾಂತ ಇರುತ್ತಿರಲಿಲ್ಲ. 1862ರಲ್ಲಿ ಸುಪ್ರೀಂ ಕೋರ್ಟನ್ನೂ ಕಂಪನಿಯ ಮೇಲಿನ ಕೋರ್ಟಾದ ಸದರ್ ಅದಾಲತ್ತನ್ನೂ ಕೂಡಿಸಿ ಮುಂಬಯಿ ಹೈಕೋರ್ಟ್ ಮಾಡಿದ ಮೇಲೆ ತಾನೇ ಸರಿಹೋದದ್ದು?

ವಕೀಲ_ಬೆಳಗಾವಿ

ಸರಿಹೋಗಲಿಲ್ಲ ಮೇಷ್ಟ್ರೇ, ಇಲ್ಲಿ ನಿಮ್ಮ ಮಾತಿಗೆ ಅಡ್ಡ ಬರಬೇಕು. ಹೈಕೋರ್ಟ್ ಆಯಿತು, ಮೇಲ್ಮನವಿ ಒಂದೇ ಕಡೆಗೆ ಹೋಗತೊಡಗಿತು, ನಿಜ. ಹೇಬಿಯಸ್ ಕಾರ್ಪಸ್ ಮಾತ್ರ ಹಿಂದೆಯೇ ಉಳಿಯಿತು. 1870ರಲ್ಲಿ ಕಲ್ಕತ್ತೆ ಹೈಕೋರ್ಟಿನಲ್ಲಿ ಅಮೀರ್ ಖಾನ್ ಎಂಬ ವ್ಯಾಪಾರಿಯ ಮೊಕದ್ದಮೆಯಲ್ಲಿ ಇದೇ ವ್ಯಾಪ್ತಿಯ ಪ್ರಶ್ನೆ ಮತ್ತೆ ಎದ್ದಿತು. ಅವನನ್ನು ಹಿಡಿದದ್ದು 1818ರ ಬಂಗಾಳ ರೆಗ್ಯುಲೇಶನ್ ಮೇಲೆ, ಕೊನೆಗೆ ರಿಟ್ ಸಿಗಲಿಲ್ಲ. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡ್ 491ನೇ ಕಲಮಿನಲ್ಲಿ ಈ ಅಧಿಕಾರ ಬರೆಯಿತು, ಆದರೆ ಪ್ರೆಸಿಡೆನ್ಸಿ ನಗರಗಳಾದ ಕಲ್ಕತ್ತೆ, ಮದ್ರಾಸ್, ಮುಂಬಯಿಗಳ ಮೂಲ ವ್ಯಾಪ್ತಿಯಷ್ಟಕ್ಕೆ. ಹೈಕೋರ್ಟಿನ ಇಡೀ ಮೇಲ್ಮನವಿ ವ್ಯಾಪ್ತಿಗೆ, ಅಂದರೆ ಧಾರವಾಡ ಬೆಳಗಾವಿಯವರೆಗೆ, ಅದನ್ನು ಹಿಗ್ಗಿಸಿದ್ದು 1923ರ ತಿದ್ದುಪಡಿ. ಗ್ರಾಂಟ್ ಕೇಳಿದ್ದರ ಒಂದು ಭಾಗ ಸಿಗಲು 94 ವರ್ಷ ಹಿಡಿಯಿತು.

ಆ ಕಲಮಿನ ಮೂರನೇ ಉಪಕಲಮು ಓದಿ. 1818ರ ಬಂಗಾಳ, 1819ರ ಮದ್ರಾಸ್, 1827ರ ಮುಂಬಯಿ ರೆಗ್ಯುಲೇಶನ್ನುಗಳ ಕೆಳಗೆ ಹಿಡಿದವರಿಗೆ ಇದು ಅನ್ವಯಿಸುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಬಾಗಿಲು ಅಗಲ ಮಾಡಿದರು, ರಾಜ್ಯಕೈದಿಯನ್ನು ಮಾತ್ರ ಹೊರಗೇ ನಿಲ್ಲಿಸಿದರು.

ಹಳೆದಫ್ತರ

ಇದನ್ನು ಹಳೇ ಕಾಲದ ಇಂಗ್ಲಿಷರ ಜಗಳ ಅಂತ ಮುಚ್ಚಿಡಲು ನನಗೆ ಮನಸ್ಸಾಗದೆ ಇರುವುದು ಇದಕ್ಕೇ. 1975ರ ಜೂನ್ 26ರಂದು ಬೆಂಗಳೂರಿನಲ್ಲಿ ಸಂಸತ್ ಸಮಿತಿಯ ಕೆಲಸಕ್ಕೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಇವರನ್ನು ಹಿಡಿದು ಸೆಂಟ್ರಲ್ ಜೈಲಿನಲ್ಲಿ ಇಟ್ಟರು. ಅವರು ಕರ್ನಾಟಕ ಹೈಕೋರ್ಟಿಗೆ ಹೋದರು. ಸರ್ಕಾರದ ವಾದ, ತುರ್ತುಸ್ಥಿತಿಯಲ್ಲಿ ಈ ಅರ್ಜಿಯನ್ನೇ ಕೇಳುವಂತಿಲ್ಲ ಎಂಬುದು. ಅರ್ಜಿ ಕೇಳಬಹುದು ಎಂದ ಹೈಕೋರ್ಟುಗಳ ಸಾಲಿನಲ್ಲಿ ನಮ್ಮದೂ ಇತ್ತು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ನಾಲ್ಕು ಒಂದರ ಬಹುಮತದಿಂದ ಅವನ್ನೆಲ್ಲ ತಳ್ಳಿಹಾಕಿತು. ಒಬ್ಬರೇ ಬೇರೆ ಬರೆದವರು ನ್ಯಾಯಮೂರ್ತಿ ಎಚ್. ಆರ್. ಖನ್ನಾ. ಮರುವರ್ಷ ಮುಖ್ಯ ನ್ಯಾಯಮೂರ್ತಿ ಹುದ್ದೆ ಅವರನ್ನು ಬಿಟ್ಟು ಕಿರಿಯರಿಗೆ ಹೋಯಿತು, ಅವರು ರಾಜೀನಾಮೆ ಕೊಟ್ಟರು. ಎಲೆನ್‌ಬರೋ ಪತ್ರವನ್ನು ಈಗ ಮತ್ತೊಮ್ಮೆ ಓದಿ.

ಆ 1976ರ ತೀರ್ಪನ್ನು ಸುಪ್ರೀಂ ಕೋರ್ಟೇ ರದ್ದು ಮಾಡಿದ್ದು 2017ರ ಆಗಸ್ಟಿನಲ್ಲಿ, ಖಾಸಗಿತನದ ಮೊಕದ್ದಮೆಯಲ್ಲಿ. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ.

ಓದುಗ_ಶಿವಮೊಗ್ಗ

ಇಷ್ಟು ಓದಿದ ಮೇಲೆ ಇನ್ನೊಂದು ಪ್ರಶ್ನೆ. ತೀರ್ಮಾನ ಬಂದ ಮೇಲೆ ಗ್ರಾಂಟ್ ಅದಕ್ಕೆ ತಲೆಬಾಗಿದನೇ?

ವಕೀಲ_ಬೆಳಗಾವಿ

ಬಾಗಲೇಬೇಕಿತ್ತು, ಪ್ರಿವಿ ಕೌನ್ಸಿಲ್ ಮೇಲೆ ಯಾರೂ ಇಲ್ಲ. ಕೋರ್ಟು ಮತ್ತೆ ನಡೆಯಿತು. ಡ್ಯುವಾರ್ ಮುಖ್ಯ ನ್ಯಾಯಾಧೀಶನಾದ, ಸೆಮೋರ್ ಜೊತೆಗೆ ಬಂದ, ಗ್ರಾಂಟ್ ಅವರ ನಡುವೆ ಕೂತ. ಬಹುಕಾಲ ಅಲ್ಲಿ ಉಳಿಯಲಿಲ್ಲ. ಡ್ಯುವಾರ್ ಕೂಡ 1830ರಲ್ಲೇ ತೀರಿಕೊಂಡ.

ಮೈಸೂರು_ಮೇಷ್ಟ್ರು

1923ರ ತಿದ್ದುಪಡಿಯ ವಿವರಕ್ಕೆ ವಕೀಲರಿಗೆ ಧನ್ಯವಾದ. ಕೋರ್ಟು ನಿಲ್ಲಿಸಿದ್ದನ್ನು ಮಾತ್ರ ನಾನು ಈಗಲೂ ಒಪ್ಪೋದಿಲ್ಲ. ಖನ್ನಾ ಅವರು ಭಿನ್ನ ತೀರ್ಪು ಬರೆದರು, ಪೀಠ ಬಿಟ್ಟು ಎದ್ದು ಹೋಗಲಿಲ್ಲ.

ಹಳೆದಫ್ತರ

ಖನ್ನಾ ಅವರ ತೀರ್ಪು ಅಚ್ಚಾಗುವುದನ್ನು ಯಾರೂ ತಡೆಯಲಿಲ್ಲ ಮೇಷ್ಟ್ರೇ. ಗ್ರಾಂಟನ ರಿಟ್ ಪುಣೆಯ ಬಾಗಿಲು ಮುಟ್ಟಿದರೂ ಅಲ್ಲಿಗೇ ನಿಂತಿತು. ಈ ವ್ಯತ್ಯಾಸದ ಮೇಲೆ ನೀವು ಬರೆದರೆ ಓದಲು ಕಾದಿದ್ದೇನೆ.